ಇಸ್ತ್ರಿ ಮೇಜಿನ ಕೆಳಗಿನ ಗಿನಿಕೋಳಿ ಮರಿ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಗೆರೆಯಕ್ಕ ಎಂದು ಕರೆಯುತ್ತಿದ್ದರು. ಅವಳು ಪ್ಯಾಂಟಿಗೆ ಹಾಕಿದ ಇಸ್ತ್ರಿ ಗೆರೆ ಮೂರು ದಿನ ತೊಟ್ಟು ಓಡಾಡಿದರೂ ಹೋಗುತ್ತಿರಲಿಲ್ಲ. ‘ಈ ಗೆರೆ ತಾಗಿ ಕೈ ಕೊಯ್ದುಕೊಂಡ್ರೆ ಹೊಲಿಗೆ ಯಾರು ಹಾಕ್ತಾರೆ?’ ಎಂದು ಎದುರಂಗಡಿಯ ಗಡಿಯಾರ ರಿಪೇರಿಯವರು ಕೇಳುತ್ತಿದ್ದರು. ಅವಳು ನಗುತ್ತಿರಲಿಲ್ಲ. ‘ಕೊಯ್ಯೋ ಹಾಗಿದ್ರೇನೇ ಅದು ಗೆರೆ’ ಎಂದು ಮುಂದಿನ ಬಟ್ಟೆ ಎತ್ತಿಕೊಳ್ಳುತ್ತಿದ್ದಳು.

ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆ. ಹಿತ್ತಲಲ್ಲಿ ಒಗೆಯುವ ಕೆಲಸ ನನ್ನ ಯಜಮಾನರದ್ದು, ಮುಂದೆ ಇಸ್ತ್ರಿ ಅವರ ತಂಗಿಯದ್ದು. ಅವರು ತೀರಿಕೊಂಡ ಮೇಲೆ ಒಗೆಯುವುದು ನನ್ನ ಪಾಲಿಗೆ ಬಂತು. ಕೋಣೆಯ ಉದ್ದಕ್ಕೂ ಒಂದು ಮೇಜು, ಅದರ ಮೇಲೆ ಎರಡು ಕಂಬಳಿ, ಕಂಬಳಿಯ ಮೇಲೆ ಬಿಳಿಯ ದುಪ್ಪಟಿ. ಕರೆಂಟಿನ ಇಸ್ತ್ರಿಪೆಟ್ಟಿಗೆಯ ವೈರು ಚಾವಣಿಯಿಂದ ಸ್ಪ್ರಿಂಗಿನಲ್ಲಿ ತೂಗುತ್ತಿತ್ತು. ದಪ್ಪ ಕೋಟುಗಳಿಗೆಂದು ಕೆಂಡದ ಪೆಟ್ಟಿಗೆಯೂ ಒಂದಿತ್ತು. ಅವಳು ಕಾವು ನೋಡುತ್ತಿದ್ದದ್ದು ಬೆರಳಿನಿಂದಲ್ಲ, ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೆನ್ನೆಯೂ ಸುಡಲಿಲ್ಲ, ಒಂದು ಬಟ್ಟೆಯೂ ಸುಡಲಿಲ್ಲ. ಕೈತಪ್ಪು ಎಂಬ ಮಾತು ಅವಳಿಗೆ ಬೇರೆಯವರ ಬಗ್ಗೆ ಹೇಳುವುದಕ್ಕಷ್ಟೇ ಬೇಕಾಗುತ್ತಿತ್ತು. ಹೆಚ್ಚಾಗಿ ನನ್ನ ಬಗ್ಗೆ.

ಇನ್ನೊಂದು ನೇಮವಿತ್ತು ಅವಳಿಗೆ. ಗಿರಾಕಿಗಳು ಮರೆತು ಬಿಟ್ಟುಹೋದ ಬಟ್ಟೆಯನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಜೋಡಿ ಕಳೆದುಕೊಂಡ ಕಾಲುಚೀಲಗಳು, ಕರವಸ್ತ್ರಗಳು, ಒಂದು ಪುಟ್ಟ ಫ್ರಾಕು. ಫ್ರಾಕಿನ ಹುಡುಗಿಗೆ ಅಷ್ಟು ಹೊತ್ತಿಗೆ ಮದುವೆಯಾಗಿ ಮಕ್ಕಳೇ ಇದ್ದಿರಬೇಕು. ‘ಒರೆಸೋ ಬಟ್ಟೆಗಾದ್ರೂ ಕೊಡೇ’ ಎಂದರೆ, ‘ನಾಳೆ ಬಂದು ಕೇಳಿದ್ರೆ ನೀವು ಉತ್ತರ ಕೊಡ್ತೀರಾ, ಅತ್ತಿಗೆ?’ ಎಂದು ಮುಚ್ಚಳ ಹಾಕಿಬಿಡುತ್ತಿದ್ದಳು.

ಒಂದು ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ಚಳಿಯೂ ಜತೆಗಿತ್ತು. ಮಂಗಳವಾರ ಮಂಗಳವಾರ ಸೈಕಲ್ಲಿನಲ್ಲಿ ಮೊಟ್ಟೆ ತರುತ್ತಿದ್ದ ಹೆಂಗಸು ಅಂದು ಬಂದವಳೇ, ಮೊಟ್ಟೆ ಕೊಡುವ ಬದಲು ಒಂದು ಟವೆಲಿನ ಗಂಟನ್ನು ಮೇಜಿನ ಮೇಲೆ ಇಟ್ಟಳು. ಗಂಟು ಚಿಂವ್ ಚಿಂವ್ ಎಂದಿತು.

‘ಏನಿದು, ಮೊಟ್ಟೆ ದಾರೀಲೇ ಒಡೆದು ಮರಿಯಾದ್ವಾ?’ ಎಂದೆ ನಾನು.

‘ಗಿನಿಕೋಳಿ ಮರಿ ಕಣಮ್ಮಾ. ಹುಟ್ಟಿ ಎರಡು ದಿನ. ಆ ತಾಯಿಗೆ ಬುದ್ಧೀನೇ ಇಲ್ಲ. ಮಕ್ಕಳನ್ನ ಕಟ್ಕೊಂಡು ಒದ್ದೆ ಹುಲ್ಲಲ್ಲಿ ಮೆರವಣಿಗೆ ಹೊರಟು ಒಂಬತ್ತನ್ನ ಕಳಕೊಂಡ್ಲು. ಇವು ಮೂರು ಉಳಿದಿವೆ. ನಮ್ಮನೆಯಲ್ಲಿ ಗೋಡೆಯೆಲ್ಲ ನೀರು ಬಿಡ್ತಿದೆ. ಈ ಊರಲ್ಲಿ ಬೆಚ್ಚಗಿರೋ ಜಾಗ ಅಂದ್ರೆ ನಿಮ್ಮದೊಂದೇ. ಒಂದು ವಾರ ಇಟ್ಕೊಳ್ಳಿ.’

ಅವಳು ಊರಾಚೆ ಕೋಳಿ, ಬಾತು, ಮೂವತ್ತು ಗಿನಿಕೋಳಿ ಸಾಕಿದ್ದಳು. ದೊಡ್ಡ ಗಿನಿಕೋಳಿಗಳನ್ನು ನಾನು ನೋಡಿದ್ದೆ. ಬೂದುಬಣ್ಣದ ಮೈತುಂಬ ಬಿಳಿ ಚುಕ್ಕೆ, ಬೋಳು ತಲೆ, ಎಣ್ಣೆ ಕಾಣದ ಬಂಡಿಚಕ್ರದ ಹಾಗೆ ಕೂಗು. ಮರಿಗಳು ಹಾಗಿರಲಿಲ್ಲ. ಕಂದು ಬಣ್ಣ, ತಲೆಯ ಮೇಲೆ ಪಟ್ಟೆಪಟ್ಟೆ, ಮುಷ್ಟಿಯಲ್ಲಿ ಹಿಡಿದರೆ ಒಂದು ನಿಂಬೆಹಣ್ಣಿನಷ್ಟು.

ಗೆರೆಯಕ್ಕ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಗೆ ತರುವ ಹಾಗೆಯೇ ಒಂದು ಮರಿಯನ್ನು ಎತ್ತಿ ಕೆನ್ನೆಗೆ ಹಿಡಿದಳು. ‘ತಣ್ಣಗಿದೆ’ ಎಂದಳು. ಅಷ್ಟೇ. ಇಸ್ತ್ರಿ ಮೇಜಿನ ಕೆಳಗೆ, ಕೆಂಡದ ಪೆಟ್ಟಿಗೆ ಇಡುವ ಕಲ್ಲಿನ ಪಕ್ಕದಲ್ಲಿ, ಒಂದು ರಟ್ಟಿನ ಡಬ್ಬ ಬಂತು.

ಆ ಡಬ್ಬದ ಸೇವೆ ನೋಡಬೇಕಿತ್ತು ನೀವು. ಬೆಳಿಗ್ಗೆ ಒಂದು, ಸಂಜೆ ಒಂದು ಒಗೆದ ಬಟ್ಟೆಯ ಹಾಸು. ನೀರಿನ ತಟ್ಟೆಯಲ್ಲಿ ಮರಿ ಮುಳುಗದಿರಲೆಂದು ಸಣ್ಣ ಕಲ್ಲುಗಳು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಹಾಕುತ್ತಿದ್ದಳು. ‘ಕೋಳಿಮರಿಗೆ ಕೋಳಿಮೊಟ್ಟೆ! ಸ್ವಂತ ನೆಂಟರನ್ನೇ ತಿನ್ನಿಸ್ತಿದೀಯಲ್ಲೇ’ ಎಂದು ನಾನು ರೇಗಿಸಿದರೆ, ‘ಇವು ಗಿನಿಕೋಳಿ, ಅದು ನಾಟಿಕೋಳಿ. ದಾಯಾದಿಗಳು, ಪರವಾಗಿಲ್ಲ’ ಎಂದಳು. ಅವಳು ಹಾಸ್ಯ ಮಾಡಿದ್ದನ್ನು ಕೇಳಿ ನನಗೇ ಅನುಮಾನ ಬಂತು, ಜ್ವರಗಿರ ಬಂದಿದೆಯಾ ಎಂದು.

ಮೂರನೆಯ ದಿನಕ್ಕೆ ಒಂದು ಮರಿ, ಮೂರರಲ್ಲಿ ಚಿಕ್ಕದು, ಏಳುವುದನ್ನು ಬಿಟ್ಟಿತು. ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿರುತ್ತಿತ್ತು. ಸೋಮಾರಿ ಎಂದುಕೊಂಡೆವು. ಆಮೇಲೆ ನೋಡಿದರೆ ಎರಡು ಕಾಲೂ ಎರಡು ಕಡೆಗೆ, ಈಜುವವರ ಕೈಯ ಹಾಗೆ ಚಾಚಿಕೊಂಡಿವೆ. ಏಳಲು ಹೊರಟರೆ ಕಾಲು ಇನ್ನಷ್ಟು ದೂರ ಸರಿಯುತ್ತಿತ್ತು, ಮೂತಿ ನೆಲಕ್ಕೆ ಬಡಿಯುತ್ತಿತ್ತು. ಗೆರೆಯಕ್ಕ ಹಾಸನ್ನು ಇನ್ನೂ ಚೊಕ್ಕಟ ಮಾಡಿದಳು. ಕೊಳೆಯಿಂದಲೇ ಏನೋ ಕಾಯಿಲೆ ಬಂದಿದೆ ಎಂದು ಅವಳ ಲೆಕ್ಕ.

ಮಂಗಳವಾರ ಮೊಟ್ಟೆಯಾಕೆ ಬಂದಳು. ಮರಿಯನ್ನು ಅಂಗೈಯಲ್ಲಿ ಮಗುಚಿ ನೋಡಿದಳು, ಕಾಲಿನ ಕೀಲುಗಳನ್ನು ಒಂದೊಂದೇ ಒತ್ತಿದಳು. ಆಮೇಲೆ ಡಬ್ಬದೊಳಕ್ಕೆ ಕೈ ಹಾಕಿ ಹೆಬ್ಬೆರಳಿನಿಂದ ಹಾಸನ್ನು ಸವರಿದಳು. ಇನ್ನೊಮ್ಮೆ ಸವರಿದಳು. ತಲೆಯೆತ್ತಿ ನಮ್ಮಿಬ್ಬರ ಮುಖ ನೋಡಿದಳು.

‘ಯಾರಮ್ಮಾ ಇದಕ್ಕೆ ಇಸ್ತ್ರಿ ಹೊಡೆದಿದ್ದು?’

ನಾನು ಗೆರೆಯಕ್ಕನ ಕಡೆ ನೋಡಿದೆ.

‘ಗಂಜಿ ಬೇರೆ ಹಾಕಿದೀರಾ?’

‘ಎಲ್ಲ ಬಟ್ಟೆಗೂ ಹಾಕ್ತೀವಿ’ ಎಂದಳು ಗೆರೆಯಕ್ಕ. ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು.

‘ಅಯ್ಯೋ ನಿಮ್ಮ! ಗಾಜಿನ ಹಾಗಿದೆ ಇದು. ಮರಿ ಕಾಲೂರೋದು ಎಲ್ಲಿ? ಈ ವಯಸ್ಸಲ್ಲಿ ಜಾರಿ ಜಾರಿಯೇ ಕಾಲು ಹೀಗೆ ಅಗಲ ಆಗೋದು. ಗೋಣಿ ಹಾಕ್ಬೇಕು, ಒರಟು ಬಟ್ಟೆ ಹಾಕ್ಬೇಕು. ಇಸ್ತ್ರಿ ಮಾಡ್ತಾರಂತೆ ಕೋಳಿಗೆ! ದೊಡ್ಡವೆರಡು ಹೇಗೋ ಅಂಚಿಗೆ ಒರಗಿ ಬಚಾವಾಗಿವೆ.’

ಬೇರೆ ಯಾರ ಮನೆಯಲ್ಲೂ ಈ ತಪ್ಪು ಆಗುತ್ತಿರಲಿಲ್ಲ. ಹರಕು ಚಿಂದಿ ಹಾಕಿ ಮರೆತಿದ್ದರೆ ಮರಿ ಓಡಾಡಿಕೊಂಡಿರುತ್ತಿತ್ತು. ದಿನಕ್ಕೆರಡು ಸಲ ಗಂಜಿ ಹಾಕಿ, ನೀರು ಚಿಮುಕಿಸಿ, ಸುಕ್ಕಿಲ್ಲದ ಹಾಗೆ ತೀಡಿ ಹಾಸಿದ್ದೇ ಅದರ ಕಾಲಿಗೆ ಬಂತು.

ಮೊಟ್ಟೆಯಾಕೆ ದೊಡ್ಡ ಮರಿಗಳೆರಡನ್ನು ಟವೆಲಿಗೆ ಸುತ್ತಿಕೊಂಡಳು. ಮನೆಯಲ್ಲಿ ಬಲ್ಬು ಹಾಕಿ ಗೂಡು ಮಾಡಿದ್ದಾಳಂತೆ. ಚಿಕ್ಕದರ ಕಡೆ ಕೈ ಚಾಚಿ, ‘ಇದನ್ನ ನಾನೇ ಮುಗಿಸ್ತೀನಿ ಬಿಡಿ, ಒಂದು ನಿಮಿಷದ ಕೆಲಸ. ಗಿನಿಕೋಳಿ ಗುಂಪು ಕೆಟ್ಟದ್ದು. ಕಾಲಿಲ್ಲದ್ದನ್ನ ಒಳಗೆ ಬಿಟ್ರೆ ಎಲ್ಲ ಸೇರಿ ಕುಕ್ಕಿ ಕುಕ್ಕಿ ಸಾಯಿಸ್ತವೆ. ಅದಕ್ಕಿಂತ ಇದೇ ಮೇಲು’ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಕೋಳಿ ಸಾಕುವವರ ಮಾತು.

ಗೆರೆಯಕ್ಕ ಮರಿಯ ಮೇಲೆ ಕೈ ಮುಚ್ಚಿದಳು. ‘ಕೊಡಲ್ಲ.’

‘ಹುಚ್ಚೇನಮ್ಮಾ? ನಿಮಗೆ ಇನ್ನೆರಡು ತಂದು ಕೊಡ್ತೀನಿ.’

‘ಇದು ನನ್ನ ಕೈಯಿಂದ ಆಗಿದ್ದು. ನನಗೆ ಇದೇ ಬೇಕು.’

ಮೊಟ್ಟೆಯಾಕೆ ನನ್ನ ಕಡೆ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಬಾಯಿಂದ ಅಂಥ ಮಾತು ನಾನೂ ಕೇಳಿರಲಿಲ್ಲ.

‘ಸರಿ ಹಾಗಾದ್ರೆ, ಕಾಲೆರಡನ್ನೂ ಹತ್ತಿರ ತಂದು ಕಟ್ಟಿ. ಬಿಗಿಯಾಗಿ ಬೇಡ, ನಿಂತಾಗ ಎಷ್ಟು ದೂರ ಇರ್ಬೇಕೋ ಅಷ್ಟು. ಮೂಳೆ ಇನ್ನೂ ಎಳೇದು. ಮುಂದಿನ ಮಂಗಳವಾರದೊಳಗೆ ನಿಂತ್ರೆ ನಿಂತ ಹಾಗೆ. ಇಲ್ಲ ಅಂದ್ರೆ ಯಾವತ್ತಿಗೂ ಇಲ್ಲ. ಆಗ ನನ್ನ ಕೈಗೆ ಕೊಡ್ಬೇಕು, ಅಳಬಾರದು.’

‘ಕೊಡ್ತೀನಿ’ ಎಂದಳು ಗೆರೆಯಕ್ಕ.

ಅಂದು ಆಸ್ಪತ್ರೆಯವರ ಬಿಳಿ ಕೋಟುಗಳ ಗಂಟು ಬಿಚ್ಚಲೇ ಇಲ್ಲ. ಮೊದಲು ದಾರದಿಂದ ಕಟ್ಟಿದಳು. ಸಂಜೆಯೊಳಗೆ ಪಾದ ಊದಿಕೊಂಡಿತು, ಕತ್ತರಿಸಿ ತೆಗೆದಳು. ಆಮೇಲೆ ಗಿರಾಕಿಗಳ ಬಟ್ಟೆಗೆ ಗುರುತು ಹಾಕುವ ನೂಲಿನ ಪಟ್ಟಿ ನೆನಪಾಯಿತು. ಮೆತ್ತಗೆ, ಅಗಲಕ್ಕೆ ಇರುತ್ತದೆ. ಅದನ್ನು ಎಂಟರ ಅಂಕಿಯ ಹಾಗೆ ಎರಡು ಕಾಲಿಗೂ ಸುತ್ತಿ, ಮಧ್ಯದಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟು ಎರಡು ಹೊಲಿಗೆ ಹಾಕಿದಳು. ಡಬ್ಬಕ್ಕೆ ಗೋಣಿಯ ತುಂಡು ಬಂತು. ಅದರ ಒರಟು ನೋಡಿ ಅವಳ ಕೈ ತಾನಾಗಿಯೇ ತೀಡಲು ಹೋಗುತ್ತಿತ್ತು. ನಾನು ಆ ಕೈಯ ಮೇಲೆ ಒಂದು ಏಟು ಕೊಟ್ಟೆ.

ಕಟ್ಟಿದ ಮೇಲೂ ಮರಿ ನಿಲ್ಲಲಿಲ್ಲ. ಮುಂದಕ್ಕೆ ಮುಗ್ಗರಿಸುತ್ತಿತ್ತು, ನೀರಿನ ತಟ್ಟೆಗೆ ಬಾಯಿ ಎಟುಕುತ್ತಿರಲಿಲ್ಲ. ಮೈಗೆ ಆಸರೆಯೊಂದು ಬೇಕಿತ್ತು, ಕಾಲು ಮಾತ್ರ ಕೆಳಗಿಳಿದು ನೆಲ ಮುಟ್ಟಬೇಕು. ನಾನು ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ ಅವಳು ಎದ್ದು ಹೋಗಿ ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದಳು. ಬೂದುಬಣ್ಣದ ಒಂದು ಉಣ್ಣೆಯ ಕಾಲುಚೀಲ ಆರಿಸಿದಳು. ಕತ್ತರಿ ಕೈಗೆ ತೆಗೆದುಕೊಂಡಳು.

‘ಏಯ್, ಅದು ಗಿರಾಕಿಯದ್ದಲ್ವೇನೇ? ನಾಳೆ ಬಂದು ಕೇಳಿದ್ರೆ?’

‘ಕೇಳಿದ್ರೆ ಮರೀನ ತೋರಿಸ್ತೀನಿ.’

ಹಿಮ್ಮಡಿಯ ಭಾಗವನ್ನು ಕತ್ತರಿಸಿ, ಕಾಲಿಗೆರಡು ತೂತು ಮಾಡಿ, ನಾಲ್ಕು ಬಟ್ಟೆ ಕ್ಲಿಪ್ಪುಗಳಿಂದ ಒಂದು ಬಟ್ಟಲಿನ ಅಂಚಿಗೆ ಸಿಕ್ಕಿಸಿದಳು. ತಳ ಒಡೆದ ಹಳೆಯ ಬಟ್ಟಲು ಅದು. ಕೆಳಗೆ ಗೋಣಿ ಇತ್ತು. ಮರಿ ತೊಟ್ಟಿಲಲ್ಲಿ ನಿಂತ ಹಾಗೆ ನಿಂತಿತು. ಕಾಲು ಗೋಣಿಯನ್ನು ಕೆರೆಯಿತು. ಅರ್ಧ ಗಂಟೆ ಹೀಗೆ, ಆಮೇಲೆ ವಿಶ್ರಾಂತಿ, ಮತ್ತೆ ಅರ್ಧ ಗಂಟೆ.

ಗಡಿಯಾರದವರು ಬಂದು ಮೇಜಿನ ಕೆಳಗೆ ಬಗ್ಗಿ ನೋಡಿದರು. ‘ಬಟ್ಟೆ ಗೆರೆ ನೆಟ್ಟಗೆ ಮಾಡಿದ್ದಾಯ್ತು, ಈಗ ಕೋಳಿಕಾಲು ನೆಟ್ಟಗೆ ಮಾಡೋಕೆ ಹೊರಟ್ರಾ? ಕುಂಟಂಗೆ ಎಂಟು ಚೇಷ್ಟೆ ಅಂತಾರೆ, ನೋಡ್ಕೊಳ್ಳಿ.’

‘ನಿಮ್ಮ ಅಂಗಡೀಲಿ ನಿಂತಿರೋ ಗಡಿಯಾರ ಎಷ್ಟಿವೆ?’ ಎಂದಳು ಗೆರೆಯಕ್ಕ.

‘ಹದಿನೆಂಟು, ಇಪ್ಪತ್ತು.’

‘ಮೊದ್ಲು ಅವನ್ನ ನಡೆಸಿ ಹೋಗಿ. ಇದನ್ನ ನಾನು ನಡೆಸ್ಕೊಳ್ತೀನಿ.’

ಅವರು ನಗುತ್ತ ಹೋದರು. ಒಂದು ಗಂಟೆ ಬಿಟ್ಟು ಮತ್ತೆ ಬಂದರು, ಕೈಯಲ್ಲಿ ಕರವಸ್ತ್ರ ಸುತ್ತಿದ ಒಂದು ಹಳೆಯ ಟೈಂಪೀಸು. ‘ಒಂಟಿ ಮರಿ ಬೇಜಾರು ಮಾಡ್ಕೊಂಡು ತಿನ್ನೋದು ಬಿಡುತ್ತೆ. ಇದನ್ನ ಪಕ್ಕದಲ್ಲಿಡಿ. ಟಿಕ್ ಟಿಕ್ ಅಂತಿದ್ರೆ ಯಾರೋ ಇದಾರೆ ಅಂದ್ಕೊಳ್ಳುತ್ತೆ’ ಎಂದು ಮೆಲ್ಲಗೆ ಹೇಳಿ, ಉತ್ತರಕ್ಕೆ ಕಾಯದೆ ರಸ್ತೆ ದಾಟಿದರು. ನಿಜವಾಗಿಯೂ ಮರಿ ಗಡಿಯಾರಕ್ಕೆ ಒರಗಿಕೊಂಡು ಮಲಗಿತು. ಪುಣ್ಯಕ್ಕೆ ಅಲಾರಂ ಕೆಟ್ಟಿತ್ತು.

ಶುಕ್ರವಾರ ಪಟ್ಟಿ ಬಿಚ್ಚಿ ನೋಡೋಣ ಎಂದಳು. ನಾನು ಬೇಡವೆಂದೆ. ಕೇಳುವವಳಲ್ಲ. ಬಿಚ್ಚಿದಳು. ಮರಿ ಒಂದು ಉಸಿರಿನಷ್ಟು ಹೊತ್ತು ನಿಂತಿತು. ನನ್ನ ಕಣ್ಣು ಅರಳುವಷ್ಟರಲ್ಲಿ ಬಲಗಾಲು ಸರ್ರನೆ ಪಕ್ಕಕ್ಕೆ ಜಾರಿತು, ಅದರ ಹಿಂದೆಯೇ ಎಡಗಾಲು. ಗೆರೆಯಕ್ಕ ಎರಡೂ ಕಾಲು ಹಿಡಿದು ಮಧ್ಯಕ್ಕೆ ಎಳೆದಳು, ಮರಿ ಕಿರುಚಿತು.

‘ಎಳೀಬೇಡ ಕಣೇ! ಬಟ್ಟೆ ಅಂದ್ಕೊಂಡ್ಯಾ, ಎಳೆದು ಸುಕ್ಕು ಬಿಡಿಸೋಕೆ?’ ಎಂದು ನಾನು ಗದರಿದೆ.

ಅವಳು ಕೈ ಬಿಟ್ಟಳು. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ, ಮಳೆಯಲ್ಲೇ ಕೂತಳು. ನಾನು ಮರಿಗೆ ಮತ್ತೆ ಪಟ್ಟಿ ಸುತ್ತಿ, ಹೊಲಿಗೆ ಹಾಕಿ, ಕಾಲುಚೀಲದಲ್ಲಿ ನಿಲ್ಲಿಸಿ, ಒಂದು ಕೊಡೆ ತೆಗೆದುಕೊಂಡು ಅವಳ ಹತ್ತಿರ ಹೋದೆ.

‘ನಿನ್ನ ಅಣ್ಣ ಹೋದಾಗಲೂ ನೀನು ಹೀಗೆ ಕೂರಲಿಲ್ಲ’ ಎಂದೆ.

‘ಅದು ನಾನು ಮಾಡಿದ್ದಲ್ಲ, ಅತ್ತಿಗೆ. ಇದು ನಾನು ಮಾಡಿದ್ದು. ಎಷ್ಟು ಚೆನ್ನಾಗಿ ಮಾಡಿದ್ದೆ ಗೊತ್ತಾ? ಮೂಲೆ ಮೂಲೆನೂ ತೀಡಿದ್ದೆ.’

‘ಎದ್ದು ಬಾ, ಅರ್ಧ ಗಂಟೆ ಆಯ್ತು, ಇಳಿಸ್ಬೇಕು’ ಎಂದೆ. ಎದ್ದು ಬಂದಳು.

ಅಲ್ಲಿಂದ ಮುಂದೆ ಅವಳು ಬಿಚ್ಚಲೂ ಇಲ್ಲ, ಎಳೆಯಲೂ ಇಲ್ಲ. ಗಡಿಯಾರ ನೋಡಿ ನಿಲ್ಲಿಸುವುದು, ಗಡಿಯಾರ ನೋಡಿ ಇಳಿಸುವುದು. ನಡುವೆ ಇಸ್ತ್ರಿ. ಮೇಜಿನ ಮೇಲೆ ಪೆಟ್ಟಿಗೆ ಹೋಗಿಬಂದ ಹಾಗೆಲ್ಲ ಕೆಳಗೆ ಅವಳ ಕಾಲಿನ ಹೆಬ್ಬೆರಳು ಡಬ್ಬಕ್ಕೆ ತಾಗಿಕೊಂಡೇ ಇರುತ್ತಿತ್ತು, ಒಳಗೆ ಮಿಸುಕಾಟ ತಿಳಿಯಲೆಂದು. ಭಾನುವಾರ ಮರಿ ಪಟ್ಟಿಯ ಸಮೇತ ಎರಡು ಸಲ ಕುಪ್ಪಳಿಸಿತು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡೆವು.

ಮಂಗಳವಾರ ಬಂತು. ಬೆಳಿಗ್ಗೆಯಿಂದ ಸೈಕಲ್ ಬೆಲ್ಲಿನ ಸದ್ದಾದರೆ ಸಾಕು, ನಾನು ಒಗೆಯುವುದು ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಮೊಟ್ಟೆಯಾಕೆ ಬಂದು, ಸೈಕಲ್ ನಿಲ್ಲಿಸಿ, ಕೈ ಒರೆಸಿಕೊಂಡು ಒಳಗೆ ನಿಂತಳು. ಆ ಹೊತ್ತಿಗೆ ಸರಿಯಾಗಿ ಗಡಿಯಾರದವರೂ ಒಂದು ಹಳೆಯ ಉಣ್ಣೆಯ ಕೋಟು ಹಿಡಿದು ಬಂದರು. ಕೋಟು ನೆಪ ಎಂದು ಎಲ್ಲರಿಗೂ ಗೊತ್ತಿತ್ತು.

‘ಬಿಚ್ಚಿ ನೋಡಿದ್ರಾ?’

‘ಇಲ್ಲ’ ಎಂದಳು ಗೆರೆಯಕ್ಕ. ‘ನಿಮ್ಮೆದುರಿಗೇ ಬಿಚ್ತೀನಿ.’

ಗೋಣಿಯ ತುಂಡನ್ನು ತಂದು ಮೇಜಿನ ಮೇಲೆ, ಆ ಬಿಳಿಯ ದುಪ್ಪಟಿಯ ಮೇಲೆಯೇ ಹಾಸಿದಳು. ಮರಿಯನ್ನು ನಡುವೆ ಇಟ್ಟಳು. ಹೊಲಿಗೆ ಕತ್ತರಿಸಿದಳು. ಪಟ್ಟಿ ಬಿಚ್ಚಿ ಬಂತು.

ಮರಿ ನಿಂತಿತು. ನಿಂತು, ಕುಸಿದು ಕೂತಿತು. ಮೊಟ್ಟೆಯಾಕೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಗೆರೆಯಕ್ಕ ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಏನು ಮಾಡಬೇಕೆಂದು ತಿಳಿಯದೆ ಗಡಿಯಾರದವರು ಕೋಟನ್ನು ಕೊಡವಿ ಬಿಡಿಸಿದರು. ಅದರೊಳಗಿಂದ ಉಣ್ಣೆ ತಿನ್ನುವ ಒಂದು ಪುಟ್ಟ ಪತಂಗ ಪುರ್ರೆಂದು ಎದ್ದಿತು.

ಅಂಥ ಪತಂಗ ಕಂಡರೆ ಗೆರೆಯಕ್ಕ ಗಾಳಿಯಲ್ಲೇ ಚಪ್ಪಾಳೆ ಹೊಡೆದು ಮುಗಿಸುವವಳು. ಅವಳ ಕೈ ಎದ್ದೂ ಎದ್ದಿತು. ಆದರೆ ಅವಳಿಗಿಂತ ಮೊದಲು ಮರಿ ನೋಡಿತ್ತು. ಕತ್ತು ಉದ್ದ ಮಾಡಿತು. ಎದ್ದಿತು. ಕಾಲು ಜಾರಲಿಲ್ಲ. ಒಂದು, ಎರಡು, ಮೂರು ಹೆಜ್ಜೆ. ಗೋಣಿ ಮುಗಿದು ದುಪ್ಪಟಿ ಬಂತು, ದುಪ್ಪಟಿಯ ಮೇಲೂ ಓಡಿತು, ಕೋಟಿನ ತೋಳನ್ನು ಹತ್ತಿ ಹಾರಿ ಪತಂಗವನ್ನು ಬಾಯಲ್ಲಿ ಹಿಡಿದು, ಮೇಜಿನ ತುದಿಯಿಂದ ಕೆಳಗೆ ಬೀಳಬೇಕು ಅನ್ನುವಷ್ಟರಲ್ಲಿ ಮೊಟ್ಟೆಯಾಕೆಯ ಕೈಗೆ ಬಿತ್ತು.

‘ಅಬ್ಬಾ ಇದರ ಹೊಟ್ಟೆಬಾಕತನವೇ!’ ಎಂದಳು ಮೊಟ್ಟೆಯಾಕೆ. ಅಂಗೈಯಲ್ಲಿ ಮಗುಚಿ ಮತ್ತೆ ಕೀಲು ಒತ್ತಿ ನೋಡಿದಳು. ‘ಕೂಡ್ಕೊಂಡಿದೆ ಕಣಮ್ಮಾ. ಇನ್ನೆರಡು ದಿನ ಕಟ್ಟಿ, ಆಮೇಲೆ ಬೇಡ.’

ನನಗೆ ಎದೆಯ ಮೇಲಿದ್ದ ಬಂಡೆ ಇಳಿದ ಹಾಗಾಯಿತು. ಗೆರೆಯಕ್ಕ ಮಾತ್ರ ಅಲ್ಲೇ ನಿಂತಿದ್ದಳು, ಬಾಯಿ ಅರೆತೆರೆದು. ಆಮೇಲೆ ಗಡಿಯಾರದವರ ಕೋಟನ್ನು ಕೈಗೆ ತೆಗೆದುಕೊಂಡು ಅದರಲ್ಲಿ ಮುಖ ಮುಚ್ಚಿಕೊಂಡಳು. ಅವರು ‘ಅಯ್ಯೋ, ಧೂಳಿದೆ ಅದ್ರಲ್ಲಿ’ ಎಂದರು. ಅವಳಿಗೆ ಕೇಳಿಸಲಿಲ್ಲ. ಭುಜ ಕುಲುಕುತ್ತಿತ್ತು. ಅತ್ತಳೋ ನಕ್ಕಳೋ ನಾನು ಕೇಳಲು ಹೋಗಲಿಲ್ಲ. ಕೋಟು ತೆಗೆದಾಗ ಮೂಗು ಕೆಂಪಗಿತ್ತು. ‘ಇದಕ್ಕೆ ನಾಫ್ತಲಿನ್ ಗುಳಿಗೆ ಹಾಕಿ ಇಡೋದು ಗೊತ್ತಾಗಲ್ವಾ ನಿಮಗೆ? ಎಷ್ಟು ತೂತು ಬಿದ್ದಿದೆ!’ ಎಂದು ಬೈದಳು. ಅವರು ಹಲ್ಲು ಕಿರಿದು ಬೈಸಿಕೊಂಡರು.

ಮರಿ ನಮ್ಮಲ್ಲಿ ಇನ್ನೂ ಐದು ವಾರ ಇತ್ತು. ರೆಕ್ಕೆ ಬಂದ ಮೇಲೆ ಬಟ್ಟೆ ಗಂಟುಗಳ ಮೇಲೆ ಹಾರಿ ಕೂರುತ್ತಿತ್ತು. ಒಂದು ಶಾಲಾ ಸಮವಸ್ತ್ರವನ್ನು ಎರಡು ಸಲ ಒಗೆಯಬೇಕಾಯಿತು, ಕಾರಣ ಬರೆಯುವುದು ಬೇಡ. ದಿನಕ್ಕೊಂದು ಸಲ ಗೆರೆಯಕ್ಕ ಅದರ ಹಿಂದೆ ಕೂತು, ಬಗ್ಗಿ, ನಡಿಗೆ ನೋಡುತ್ತಿದ್ದಳು. ಎಡಗಾಲು ಸ್ವಲ್ಪ ಹೊರಗೆ ಬೀಳುತ್ತದೆಯೇ ಎಂದು ನನ್ನನ್ನು ಕೇಳುವಳು. ಇಲ್ಲ ಎಂದರೆ ನಂಬುತ್ತಿರಲಿಲ್ಲ. ಗುಂಪಿಗೆ ಬಿಟ್ಟಾಗ ಉಳಿದವು ಆ ಕುಂಟನ್ನು ಕಂಡುಹಿಡಿದು ಕುಕ್ಕಿಬಿಡುತ್ತವೆ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ. ಮಳೆ ನಿಂತ ಮೇಲೆ ಮೊಟ್ಟೆಯಾಕೆ ಬಂದು ಒಯ್ದಳು. ಮೊದಲು ಒಡಹುಟ್ಟಿದವೆರಡರ ಜತೆ ಬೇರೆ ಗೂಡಿನಲ್ಲಿ ಇಡುತ್ತೇನೆ, ಆಮೇಲೆ ಗುಂಪಿಗೆ ಎಂದು ಮಾತು ಕೊಟ್ಟಳು.

ಹದಿನೈದು ದಿನ ಗೆರೆಯಕ್ಕ ಅದರ ಸುದ್ದಿ ಎತ್ತಲಿಲ್ಲ. ಹದಿನಾರನೆಯ ದಿನ ಅಂಗಡಿಗೆ ಬೀಗ ಹಾಕಿ, ‘ನಡೀರಿ, ಅತ್ತಿಗೆ’ ಎಂದಳು. ಊರಾಚೆಗೆ ಅರ್ಧ ಗಂಟೆಯ ನಡಿಗೆ. ತಂತಿ ಬೇಲಿಯ ಹತ್ತಿರ ನಿಂತೆವು. ‘ಗುಂಪಿಗೆ ಬಿಟ್ಟು ಒಂದು ವಾರ ಆಯ್ತು’ ಎಂದು ಮೊಟ್ಟೆಯಾಕೆ ಕಾಳಿನ ಡಬ್ಬ ಅಲ್ಲಾಡಿಸಿದಳು. ಮೂವತ್ತಕ್ಕೂ ಹೆಚ್ಚು ಗಿನಿಕೋಳಿಗಳು, ದೊಡ್ಡವೂ ಎಳೆಯವೂ, ಕಿರಿಚಾಡುತ್ತ ಒಂದೇ ಮೋಡದ ಹಾಗೆ ಓಡಿಬಂದವು.

ಗೆರೆಯಕ್ಕ ಬಗ್ಗಿ ಒಂದೊಂದರ ಕಾಲನ್ನೇ ನೋಡಿದಳು. ಗುಂಪು ಅತ್ತ ಓಡಿತು, ಇತ್ತ ಓಡಿತು. ಅವಳ ಕಣ್ಣೂ ಜತೆಯಲ್ಲೇ ಓಡಿತು. ಬಹಳ ಹೊತ್ತಾಯಿತು.

‘ನಿಮ್ಮದನ್ನ ಹಿಡಿದು ತೋರಿಸ್ಲಾ?’ ಎಂದಳು ಮೊಟ್ಟೆಯಾಕೆ. ‘ನಾನೂ ಹುಡುಕ್ಬೇಕಾಗುತ್ತೆ, ಎಲ್ಲ ಒಂದೇ ಥರ ಓಡ್ತವೆ.’

‘ಬೇಡ, ಬೇಡ’ ಎಂದಳು ಗೆರೆಯಕ್ಕ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಅಷ್ಟು ಹಗುರಾದ ಮುಖ ಅವಳಿಗೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

‘ಯಾವುದು ಅಂತ ಗೊತ್ತೇ ಆಗ್ಲಿಲ್ಲ, ಅತ್ತಿಗೆ’ ಎಂದಳು.